ಇಪ್ಪತ್ತನಾಲ್ಕರಲ್ಲಿ ಒಂದು

ಡೈರಿಯಲ್ಲಿ ತಾನು ಬರೆದದ್ದೆಲ್ಲ ನಡೆದದ್ದೇ ಅಲ್ಲ ಎಂಬುದನ್ನು ಸುಕನ್ಯಾ ಆ ದಿನ ಮೊದಲ ಸಲ ತನಗೆ ತಾನೇ ಒಪ್ಪಿಕೊಂಡಳು. ಸುಳ್ಳು ಬರೆಯುತ್ತಿದ್ದಳೆಂದಲ್ಲ. ಯಾರೋ ಆಡಿದ ಅರ್ಧ ಮಾತು ಪುಟದ ಮೇಲೆ ಇಳಿಯುವಾಗ ಪೂರ್ತಿಯಾಗುತ್ತಿತ್ತು. ಸಾಲು ಚೆಂದ ಬಂದರೆ ಅಳಿಸಲು ಮನಸ್ಸಾಗುತ್ತಿರಲಿಲ್ಲ. ಯಾರೂ ಓದದ ಪುಸ್ತಕ, ಯಾರಿಗೇನು ಕೆಡುಕು ಎಂದುಕೊಂಡಿದ್ದಳು. ಈಗ ವಿದ್ಯಾನಗರದ ಆಸ್ಪತ್ರೆಯೊಂದರ ಎರಡನೇ ಮಹಡಿಯ ಸಣ್ಣ ಕೋಣೆಯಲ್ಲಿ, ಗೋಡೆಗೆ ಒತ್ತಿ ಇಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಡಾಕ್ಟರು ಬಿಳಿ ಹಾಳೆಯ ಮೇಲೆ ಅವಳ ಮನೆತನದ ವಂಶವೃಕ್ಷ ಬರೆಯುವುದನ್ನು ನೋಡುತ್ತಿದ್ದಾಗ, ಎರಡು ವರ್ಷದ ಹಿಂದೆ ಬರೆದ ಅಂಥ ಒಂದು ಸಾಲು ಅವಳಿಗೆ ನೆನಪಾಯಿತು.

ಡಾಕ್ಟರ್ ಸಂಘಮಿತ್ರಾ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆಯುತ್ತಿದ್ದರು. ಕೆಳಗಿನ ಸಾಲಿನಲ್ಲಿ ಎರಡು ವೃತ್ತ. ಒಂದು ಅಕ್ಕ ನೀಲಗಂಗಾ, ಹತ್ತು ವಾರದ ಬಸುರಿ. ಇನ್ನೊಂದು ಸುಕನ್ಯಾ. ಅವರ ಮೇಲೆ ಅವ್ವ ಶಿವಲಿಂಗವ್ವ. ಅವ್ವನ ಪಕ್ಕದಲ್ಲಿ ಅವಳ ಅಣ್ಣ ಸಿದ್ಧಾರೂಢನ ಚೌಕ. ಆ ಚೌಕವನ್ನು ಡಾಕ್ಟರು ಪೆನ್ನಿನಿಂದ ಕಪ್ಪಾಗಿ ತುಂಬಿ, ಮೇಲೆ ಓರೆಯಾಗಿ ಒಂದು ಗೆರೆ ಎಳೆದರು. ರೋಗ ಬಂದವರನ್ನು ಕಪ್ಪಾಗಿ ತುಂಬುತ್ತಾರೆ, ತೀರಿಕೊಂಡವರಿಗೆ ಹಾಗೆ ಗೆರೆ ಎಳೆಯುತ್ತಾರೆಂದು ಸುಕನ್ಯಾಗೆ ಗೊತ್ತಿತ್ತು. ಬಿ.ಎಸ್ಸಿ. ಪರೀಕ್ಷೆಯಲ್ಲಿ ಇಂಥ ಚಿತ್ರಕ್ಕೆ ಐದು ಅಂಕ ಇರುತ್ತಿದ್ದವು. ಅಲ್ಲಿ ಚೌಕಗಳಿಗೆ ಹೆಸರು ಇರುತ್ತಿರಲಿಲ್ಲ.

"ನಿಮ್ಮಣ್ಣ ಎಷ್ಟು ವಯಸ್ಸಿಗೆ ನಡಿಯೋದು ಬಿಟ್ರು?" ಡಾಕ್ಟರು ಕೇಳಿದರು.

"ಹತ್ತಕ್ಕರಿ," ಎಂದಳು ಅವ್ವ. "ಮೀನಖಂಡ ಇಷ್ಟ ದಪ್ಪ ಆಗಿದ್ವು. ಊರಾಗ ಎಲ್ಲಾರೂ ಇಂವ ಪೈಲ್ವಾನ ಆಗ್ತಾನ ಅಂತಿದ್ರು. ಏಳಬೇಕಂದ್ರ ತೊಡಿ ಮ್ಯಾಲ ಕೈ ಊರಿ ಏಳತಿದ್ದ. ಹದಿನೇಳಕ್ಕ ಹೋದ."

ಮೇಜಿನ ಮೇಲೆ ಮಡಿಕೆಗಳಲ್ಲಿ ಹರಿದಿದ್ದ ಒಂದು ಹಳದಿ ಕಾಗದವಿತ್ತು. ಸಿದ್ಧಾರೂಢನಿಗೆ ಹನ್ನೆರಡಾಗಿದ್ದಾಗ ಮಿರಜಿಗೆ ಕರೆದೊಯ್ದು ಕಾಲಿನ ಸ್ನಾಯುವಿನ ತುಣುಕು ತೆಗೆಸಿ ನೋಡಿದ್ದರ ವರದಿ ಅದು. ನಲವತ್ತು ವರ್ಷ ಅವ್ವನ ಟ್ರಂಕಿನಲ್ಲಿತ್ತು. ಡಾಕ್ಟರು ಅದನ್ನು ಇನ್ನೊಮ್ಮೆ ನೋಡಿ ಬದಿಗಿಟ್ಟರು.

"ಮತ್ತ ಯಾರಿಗರೆ ಹಿಂಗ ಆಗಿತ್ತೇನ್ರಿ? ನಿಮಗ ಇನ್ನೊಬ್ಬ ಅಣ್ಣ, ತಮ್ಮ?"

"ಇಲ್ಲರಿ. ನಾವಿಬ್ರ. ನಮ್ಮಪ್ಪಾ ನಮ್ಮವ್ವ ಬಳಗದಾಗಿನವರೂ ಅಲ್ಲ. ಹೊರಗಿನ ಸಂಬಂಧ."

"ಈ ಬ್ಯಾನಿ ಬಳಗ ನೋಡಂಗಿಲ್ರಿ. ತಾಯಿ ಕಡಿಯಿಂದ ಬರತೈತಿ, ಗಂಡಹುಡುಗರಿಗೆ ಕಾಣಸ್ತೈತಿ. ಹೆಣ್ಣಮಕ್ಕಳು ಹೊತ್ಕೊಂಡು ತಿರಗತಾರ, ಹೆಚ್ಚಾಗಿ ಅವರಿಗೆ ಏನೂ ಗೊತ್ತಾಗಂಗಿಲ್ಲ."

"ಹೆಣ್ಣಮಕ್ಕಳ ಹಣೇಬಾರ ಎಲ್ಲಾದ್ರಾಗೂ ಅಷ್ಟ ನೋಡ್ರಿ," ಎಂದಳು ಅವ್ವ. ಡಾಕ್ಟರು ನಕ್ಕರು. ನೀಲಗಂಗಾ ನಗಲಿಲ್ಲ. ಅವಳ ಗಂಡ ಪ್ರತಾಪ ಕುರ್ಚಿಯ ತುದಿಗೆ ಸರಿದು ಹಾಳೆಯ ಮೇಲೆ ಬಗ್ಗಿದ. ಧಾರವಾಡದ ಕಾಲೇಜೊಂದರಲ್ಲಿ ವಾಣಿಜ್ಯ ಕಲಿಸುವವನಾದ್ದರಿಂದ ಅವನಿಗೆ ಕೊನೆಗೆ ಒಂದು ಅಂಕಿ ಬೇಕಾಗಿತ್ತು.

ಡಾಕ್ಟರು ಅದನ್ನು ನಿಧಾನವಾಗಿ ಹೇಳಿದರು. ಮನೆತನದಲ್ಲಿ ಒಬ್ಬನೇ ಹುಡುಗನಿಗೆ ಈ ರೋಗ ಬಂದಿದ್ದರೆ, ಮೂರರಲ್ಲಿ ಒಂದು ಪಾಲು ಆ ದೋಷ ಅವನಲ್ಲೇ ಹೊಸದಾಗಿ ಹುಟ್ಟಿರಬಹುದು, ತಾಯಿಯಿಂದ ಬಂದಿರಲಿಕ್ಕಿಲ್ಲ. ಹಾಗಾಗಿ ಅವನ ತಾಯಿ, ಅಂದರೆ ನೀಲಗಂಗಾಳ ಅಜ್ಜಿ, ಅದನ್ನು ಹೊತ್ತಿರುವ ಸಂಭವ ಮೂರರಲ್ಲಿ ಎರಡು. ಮಗಳಿಗೆ ಬಂದಿರುವುದು ಅದರರ್ಧ, ಮೊಮ್ಮಗಳಿಗೆ ಅದರರ್ಧ. ಹೊಟ್ಟೆಯಲ್ಲಿರುವುದು ಗಂಡಾಗಿ, ಅದಕ್ಕೆ ರೋಗ ಬರುವ ಸಂಭವ ಇಪ್ಪತ್ತನಾಲ್ಕರಲ್ಲಿ ಒಂದು.

"ಇಬ್ಬರು ಹುಡುಗರಿಗೆ ಬಂದಿದ್ರ ಮಾತು ಬ್ಯಾರೆ ಇತ್ತು," ಎಂದರು. "ಆಗ ಅಜ್ಜಿ ಹೊತ್ತಾರ ಅನ್ನೋದು ಖಾತ್ರಿ. ನಾ ನಿಮ್ಮನ್ನ ಕುಂಡ್ರಾಕ ಬಿಡ್ತಿರಲಿಲ್ಲ, ಹನ್ನೆರಡು ವಾರದೊಳಗ ಹೊಟ್ಯಾಗಿನ ಕೂಸಿನ ದೊಡ್ಡ ಪರೀಕ್ಷಾ ಮಾಡಿಸ್ರಿ ಅಂತಿದ್ದೆ. ಒಬ್ಬಂಗ ಅಷ್ಟ ಬಂದಾಗ ಕೆಲವರು ಮಾಡಸ್ತಾರ, ಕೆಲವರು ಬ್ಯಾಡ ಅಂತಾರ. ಆ ಪರೀಕ್ಷಾದಿಂದ ಬಸರಿಗೂ ಸ್ವಲ್ಪ ಅಪಾಯ ಐತಿ. ವಿಚಾರ ಮಾಡ್ರಿ, ಒಂದ ವಾರ ಐತಿ."

"ಇಪ್ಪತ್ನಾಕರಾಗ ಇಪ್ಪತ್ಮೂರು ಪಾಸ್," ಎಂದ ಪ್ರತಾಪ. "ನಮ್ಮ ಕಾಲೇಜಿನ ರಿಸಲ್ಟ್ ಸೈತ ಹಿಂಗ ಬರಂಗಿಲ್ರಿ ಮೇಡಂ."

ಈಗ ನೀಲಗಂಗಾ ನಕ್ಕಳು. ಹತ್ತು ದಿನದಿಂದ ಬಿಗಿದಿದ್ದ ಅವಳ ಮುಖ ಒಮ್ಮೆಗೇ ಸಡಿಲಾಯಿತು. ಡಾಕ್ಟರು ಎಲ್ಲರ ಮುಖವನ್ನೂ ನೋಡಿ, "ಮತ್ತೇನರೆ ಕೇಳೂದೈತೇನು?" ಎಂದರು. ಅವರ ಕಣ್ಣು ಸುಕನ್ಯಾಳ ಮೇಲೂ ಒಂದು ಕ್ಷಣ ನಿಂತಿತು. ಅವಳು ಇಲ್ಲವೆಂದು ತಲೆಯಾಡಿಸಿದಳು.

ಬೆಂಗೇರಿಯ ಮನೆಗೆ ಬಂದಾಗ ಅಪ್ಪ ಮೈಲಾರಪ್ಪ ಮೋಟಾರು ರಿಪೇರಿ ಅಂಗಡಿ ಮುಚ್ಚದೆಯೇ ಓಡಿಬಂದು ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿ ಗದ್ದ ತುರಿಸಿಕೊಂಡ.

"ಇಪ್ಪತ್ನಾಕನೇ ಕೂಸಿಗೆ ತಾನ? ನೀಲವ್ವಂದು ಇದು ಮೊದಲನೇದು."

"ಹಂಗಲ್ಲಪಾ..." ಎಂದು ಸುಕನ್ಯಾ ಶುರುಮಾಡಿದಳು. ಹಾಗಲ್ಲದಿದ್ದರೆ ಹೇಗೆ ಎಂದು ಮನಸ್ಸಿನಲ್ಲೇ ಕಲ್ಪಿಸಿಕೊಂಡಳು. ಇಪ್ಪತ್ತನಾಲ್ಕು ಮಂದಿ ನೀಲಗಂಗೆಯರು ಎಲ್ಲೋ ಸಾಲಾಗಿ ನಿಂತಿದ್ದಾರೆ, ಅವರಲ್ಲಿ ಒಬ್ಬಳು ಅಳುತ್ತಿದ್ದಾಳೆ. ಅವಳಿಗೆ ಕಂಡದ್ದು ಇಷ್ಟೇ.

ಕೋಣೆಗೆ ಹೋಗಿ ಹಳೆಯ ಡೈರಿ ತೆಗೆದಳು. ಸಾಲು ಅಲ್ಲೇ ಇತ್ತು. *ಆಯಿ ಇವತ್ತು ಸಿದ್ಧಾರೂಢ ಮಾವನ ಮಾತು ತೆಗೆದಳು. ಅವನು ಎರಡು ಸಲ ಬಂದ, ಎರಡು ಸಲವೂ ಕಾಲು ಮರೆತು ಬಂದ ಎಂದಳು.* ಓದಿ ಇನ್ನಷ್ಟು ಗೊಂದಲವಾಯಿತು. ಕಾಲು ಮರೆತು ಬಂದ ಎಂಬುದು ಖಂಡಿತ ಆಯಿಯ ಮಾತಲ್ಲ, ತಾನು ಚೆಂದಕ್ಕೆ ಕಟ್ಟಿದ್ದು. ಹಾಗಾದರೆ ಎರಡು ಸಲ ಎಂಬುದು? ಅದೂ ತನ್ನದೇ ಇರಬಹುದು. ಆಯಿ, ಅಂದರೆ ಅವ್ವನ ತಾಯಿ ಫಕೀರವ್ವ, ಎಂಬತ್ತರ ಮುದುಕಿ, ಕನಸು ಹೇಳಿರಬಹುದು. ಇಂಥ ಒಂದು ಸಾಲು ಹಿಡಿದುಕೊಂಡು ಡಾಕ್ಟರ ಹಾಳೆಯ ಮೇಲೆ ಇನ್ನೊಂದು ಚೌಕ ಬರೆಯಿರಿ ಎನ್ನುವುದು ಹೇಗೆ?

ಮರುದಿನ ಮಧ್ಯಾಹ್ನ ಫಕೀರವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಸುಕನ್ಯಾ ಎದುರಿಗೆ ಕುಳಿತು ತಾನೂ ಒಂದು ಹಿಡಿ ತೆಗೆದುಕೊಂಡಳು. ಎಷ್ಟು ಮಕ್ಕಳು ಎಂದು ಕೇಳುವ ಧೈರ್ಯವಾಗಲಿಲ್ಲ. ಡಾಕ್ಟರು ಕೇಳಿದ್ದನ್ನೇ ಕೇಳಿದಳು.

"ಆಯಿ, ಮಾವ ಎಷ್ಟ ವರ್ಷದಾಂವ ಇದ್ದಾಗ ನಡಿಯೂದು ಬಿಟ್ಟಾ?"

ಫಕೀರವ್ವನ ಕೈ ನಿಲ್ಲಲಿಲ್ಲ. "ಯಾವ ಸರ್ತಿ?" ಎಂದಳು.

ಸುಕನ್ಯಾಳ ಬೆರಳಿನಲ್ಲಿದ್ದ ಕಾಯಿ ಪಟ್ಟೆಂದು ಒಡೆಯಿತು.

"ಮೊದಲ್ನೇ ಸರ್ತಿ," ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

"ಎಂಟಕ್ಕ ಕುಂತ. ಎರಡ ತಿಂಗಳು ಗೋಡಿ ಹಿಡದು ನಡದಾ, ಆಮ್ಯಾಲ ಅದೂ ಆಗಲಿಲ್ಲ. ಒಂಬತ್ತಕ್ಕ ಜ್ವರ ಬಂದು ಹೋದ. ಹಳ್ಯಾಗ ಏನ್ ದವಾಖಾನಿ ಇತ್ತು? ಎರಡನೇ ಸರ್ತಿ ಹತ್ತರ ತನಕ ನಡದಾ. ಹದಿನೇಳರ ತನಕ ಇದ್ದ. ಮೊದಲಿಗಿಂತ ಹೆಚ್ಚಿಗಿ ಕೊಟ್ಟ ಅಜ್ಜ." ಅಜ್ಜ ಎಂದರೆ ಅವಳಿಗೆ ಮಠದ ಸಿದ್ಧಾರೂಢರು. ಮಗನಿಗೆ ಆ ಹೆಸರನ್ನೇ ಇಟ್ಟಿದ್ದಳು. ಎರಡು ಸಲವೂ ಅದೇ ಹೆಸರು.

"ಅಂವನ ಇಂವ ಅಂತ ಹೆಂಗ ಗೊತ್ತಾತು ಆಯಿ?"

"ಹುಚ್ಚಿ, ತಾಯಿಗೆ ಗೊತ್ತಾಗಂಗಿಲ್ಲೇನ? ಮಣ್ಣ ಮಾಡೂಮುಂದ ನಮ್ಮತ್ತಿ ಅಂವನ ಎಡಗಿವಿ ಹಿಂದ ಮಸಿ ಹಚ್ಚಿದ್ಲು. ನೀ ಅಳಬ್ಯಾಡ, ಅತ್ತರ ಬರಾಂವ ದಾರಿ ತಪ್ತಾನ ಅಂದ್ಲು. ನಾ ಅಳಲಿಲ್ಲ. ಒಂದ ಹನಿ ಹಾಕಲಿಲ್ಲ. ಹನ್ನೊಂದು ತಿಂಗಳಿಗೆ ಬಂದ. ಎಡಗಿವಿ ಹಿಂದ ಮಸಿಯಂಥಾ ಕಪ್ಪ ಮಚ್ಚಿ ಹೊತ್ಗೊಂಡು ಬಂದ. ಊರ ಮಂದಿ ಎಲ್ಲಾ ಬಂದು ನೋಡಿ ಹೋದ್ರು."

"ಹಂಗಾರ ಇಬ್ರು ಆಗಲಿಲ್ಲೇನ ಆಯಿ?"

ಫಕೀರವ್ವನ ಕೈ ಈಗ ನಿಂತಿತು. ಸಿಟ್ಟು ಬಂದಿರಲಿಲ್ಲ. ಮೊಮ್ಮಗಳಿಗೆ ಏನೋ ಸಾದಾ ವಿಷಯ ತಿಳಿಯದ ಹಾಗೆ ಅವಳನ್ನು ನೋಡಿದಳು.

"ಇಬ್ರು ಯಾರ ಇದ್ರು? ಒಬ್ಬಾಂವ. ಇಬ್ರು ಅಂದ್ರ, ಮೊದಲ್ನೇಂವ ಎಲ್ಲಿ ಅದಾನ ಅಂತ ನಾ ಹುಡುಕಬೇಕಾಗತೈತೆಲಾ ತಂಗಿ?"

ಆಮೇಲೆ ಮತ್ತೆ ಸುಲಿಯತೊಡಗಿದಳು. ಸುಕನ್ಯಾ ಸಿಪ್ಪೆಯನ್ನೂ ಬೀಜವನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದುದನ್ನು ನೋಡಿ, "ಡಿಗ್ರಿ ಮಾಡೀಯಂತ, ಶೇಂಗಾ ಸುಲಿಯಾಕ ಬರಂಗಿಲ್ಲ," ಎಂದು ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

ಅವ್ವನಿಗೆ ಹೇಳಿದ್ದು ಬಚ್ಚಲ ಹತ್ತಿರ, ಬಟ್ಟೆ ಹಿಂಡುವಾಗ. ಶಿವಲಿಂಗವ್ವ ಸೀರೆಯ ಒಂದು ತುದಿ ಹಿಡಿದಿದ್ದಳು, ಸುಕನ್ಯಾ ಇನ್ನೊಂದು.

"ನನಗ ಇದ್ದಾಂವ ಒಬ್ಬ ಅಣ್ಣ," ಎಂದಳು ಅವ್ವ. "ಅಂವನ ಗಾಡಿ ದಬ್ಬಿಕೊಂಡು ನಾ ಸಾಲಿಗೆ ಹೋಗೇನಿ. ನಾ ಹುಟ್ಟೂಕಿಂತ ಮೊದಲಿನ ಪುರಾಣ ನನಗ ಗೊತ್ತಿಲ್ಲ. ಆಯಿಗೆ ವಯಸ್ಸಾಗೇತಿ. ನಿನ್ನಿ ನನ್ನನ್ನ ಅವರತ್ತಿ ಅಂತ ತಿಳದು ಮಾತಾಡಿಸಿದ್ಲು."

"ಆದರ ಅವ್ವಾ, ಕಾಲಿನ ಮಾತು ಅಕಿ ಇಷ್ಟ ನೆಟ್ಟಗ..."

"ನೀಲವ್ವ ನಿನ್ನಿ ಎರಡ ರೊಟ್ಟಿ ತಿಂದಾಳ. ಹತ್ತು ದಿವಸಕ್ಕ ನೆಟ್ಟಗ ಉಂಡಾಳ ಅಕಿ." ಅವ್ವ ಸೀರೆಯನ್ನು ಜೋರಾಗಿ ತಿರುವಿದಳು. ನೀರು ಇಬ್ಬರ ಕಾಲ ಮೇಲೂ ಸುರಿಯಿತು. "ನೀ ಆ ಡೈರಿ ಬರಿಯೂದು ಕಮ್ಮಿ ಮಾಡು."

ಡೈರಿ ಅವ್ವನಿಗೆ ಗೊತ್ತಿದೆ ಎಂಬುದೇ ಸುಕನ್ಯಾಗೆ ಗೊತ್ತಿರಲಿಲ್ಲ.

ತಾನೇ ಲೆಕ್ಕ ಹಾಕಿದಳು. ಇಬ್ಬರು ಎಂದರೆ ಆಯಿ ಪೂರ್ತಿ, ಅವ್ವ ಅರ್ಧ, ಅಕ್ಕ ಕಾಲು. ಕೂಸಿಗೆ ಹದಿನಾರರಲ್ಲಿ ಒಂದು. ನೂರಕ್ಕೆ ಮಾಡಿದರೆ ಮೊದಲಿನದು ನಾಲ್ಕು ಚಿಲ್ಲರೆ, ಇದು ಆರು ಚಿಲ್ಲರೆ. ನಡುವೆ ಎರಡು. ಎರಡೇ! ಈ ಎರಡಕ್ಕಾಗಿ ಆಯಿಯನ್ನು ಐವತ್ತು ವರ್ಷದ ಮೇಲೆ ಮೊದಲನೆಯವನನ್ನು ಹುಡುಕಲು ಕಳಿಸಬೇಕೆ? ಅಕ್ಕನ ತಟ್ಟೆಯಿಂದ ರೊಟ್ಟಿ ಎತ್ತಬೇಕೆ? ಆಮೇಲೆ ಅನಿಸಿತು, ಮಾತು ಎರಡರದಲ್ಲ. ಇಬ್ಬರಾದರೆ ಮಾತು ಬ್ಯಾರೆ ಎಂದು ಡಾಕ್ಟರು ಹೇಳಿದ್ದರಲ್ಲ, ಕುಂಡ್ರಾಕ ಬಿಡ್ತಿರಲಿಲ್ಲ ಎಂದಿದ್ದರಲ್ಲ. ಪರೀಕ್ಷೆ ಮಾಡಿಸುವುದೋ ಬಿಡುವುದೋ ಅಕ್ಕನ ಇಚ್ಛೆ. ಆದರೆ ಅಕ್ಕ ಈಗ ಬಿಡುತ್ತಿರುವುದು ಬೇರೆ ಯಾವುದೋ ಮನೆತನದ ಹಾಳೆಯನ್ನು ನೋಡಿ. ಇಷ್ಟರವರೆಗೆ ಯೋಚನೆ ನೆಟ್ಟಗೆ ಬರುತ್ತಿತ್ತು. ಪರೀಕ್ಷೆಯಿಂದಲೇ ಬಸಿರಿಗೆ ಏನಾದರೂ ಆದರೆ ಅದನ್ನು ಹೇಳಿದವಳು ನಾನಾಗುತ್ತೇನೆ ಎನ್ನುವಲ್ಲಿಗೆ ಎಲ್ಲ ಕಲಸಿಹೋಗುತ್ತಿತ್ತು. ಹೇಳದೆ ಏನಾದರೂ ಆದರೆ? ಆಗ ಯಾರಿಗೂ ಗೊತ್ತಾಗುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಸಮಾಧಾನವೋ ಭಯವೋ ತಿಳಿಯಲಿಲ್ಲ.

ಶನಿವಾರ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋದಳು. ಸಪ್ತಾಪುರದಲ್ಲಿ ಅಕ್ಕನದು ಬಾಡಿಗೆ ಮನೆಯ ಮೇಲಿನ ಅಂತಸ್ತು. ಕೆಳಗೆ ವಿದ್ಯಾರ್ಥಿಗಳ ಕೋಣೆಗಳು, ಮೆಟ್ಟಿಲ ತುಂಬ ಅವರ ಚಪ್ಪಲಿ. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಬಂದಿದ್ದಳು. ನೀಲಗಂಗಾ ಬಾಗಿಲು ತೆಗೆದವಳೇ ಅವಳ ಕೈಯಲ್ಲಿನ ಚೀಲ ಕಸಿದುಕೊಂಡಳು.

"ಅವ್ವ ಏನ್ ಕೊಟ್ಟಾಳ? ಗುರೆಳ್ಳ ಚಟ್ನಿ? ಬದುಕಿದೆ ನೋಡು. ಬಾ ಒಳಗ. ಹಂಗ್ಯಾಕ ನಿಂತೀ, ಕನ್ಯಾ ನೋಡಾಕ ಬಂದವರಗತೆ?"

ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಚಟ್ನಿಯನ್ನು ಬರಿಗೈಯಲ್ಲಿ ತಿಂದಳು. ಕೂಸಿಗೆ ಯಾರ ಮೂಗು ಬರಬಾರದು ಎಂಬುದರ ಬಗ್ಗೆ ಗಂಡ ಹೆಂಡತಿ ಜಗಳವಾಡಿದ್ದನ್ನು ಹೇಳಿದಳು. "ಪ್ರತಾಪಂದು ಬ್ಯಾಡ, ಆ ಮೂಗಿಗೆ ಬ್ಯಾರೆ ರೂಮ್ ಬೇಕಾಗತೈತಿ," ಎಂದು ತಾನೇ ನಕ್ಕಳು. ನಗುತ್ತಲೇ ಒಮ್ಮೆ ನಿಲ್ಲಿಸಿ, "ಸುಕ್ಕೂ, ಅವತ್ತು ಡಾಕ್ಟರ್ ಆ ಲೆಕ್ಕಾ ಹೇಳೂತನಾ ನನಗ ಬರೇ ಮಾವನ ಫೋಟೋನ ಕಣ್ಣಿಗಿ ಕಾಣ್ತಿತ್ತು. ಈಗ ಇಲ್ಲ. ಈಗ ಛಲೋ ನಿದ್ದಿ ಬರತೈತಿ," ಎಂದಳು.

ಸುಕನ್ಯಾ ತಂದಿದ್ದ ವಾಕ್ಯವನ್ನು ಬದಿಗಿಟ್ಟು, "ನೀರ ಕೊಡ," ಎಂದಳು. ನೀರು ಕುಡಿದು, ಚಹಾ ಕುಡಿದು, ಐದು ಗಂಟೆಯ ಬಸ್ಸಿಗೆ ವಾಪಸು ಹೊರಟಳು. ಮೆಟ್ಟಿಲಿಳಿಯುವಾಗ ಹಿಂದಿನಿಂದ ಅಕ್ಕ, "ಏನೋ ಹೇಳಾಕ ಬಂದಿದ್ದೆಲಾ ನೀ?" ಎಂದು ಕೂಗಿದಳು. "ಏನಿಲ್ಲ. ಸುಮ್ನ ಬಂದಿದ್ದೆ," ಎಂದಳು.

ಬುಧವಾರ ಎಲ್ಲರೂ ಮತ್ತೆ ವಿದ್ಯಾನಗರಕ್ಕೆ ಹೋದರು. ಪರೀಕ್ಷೆ ಬೇಡವೆಂದು ನೀಲಗಂಗಾ, ಪ್ರತಾಪ ತೀರ್ಮಾನಿಸಿದ್ದರು. ಅದನ್ನು ಬರೆದು ಸಹಿ ಮಾಡುವುದಿತ್ತು. ಅಜ್ಜಿಯ ರಕ್ತವನ್ನೂ ಒಂದಿಷ್ಟು ತೆಗೆದಿಟ್ಟರೆ ಮುಂದೆ ಎಂದಾದರೂ, ಚಿಕ್ಕ ಮೊಮ್ಮಗಳು ಸುಕನ್ಯಾ ಬಸುರಾಗುವ ಹೊತ್ತಿಗಾದರೂ, ಉಪಯೋಗಕ್ಕೆ ಬಂದೀತು ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರಿಂದ ಫಕೀರವ್ವನೂ ಇಳಕಲ್ ಸೀರೆ ಉಟ್ಟು ಆಟೋ ಹತ್ತಿದಳು. ನರ್ಸು ಸೂಜಿ ಚುಚ್ಚುವಾಗ, "ಇಷ್ಟ ತಗೀತಿ ಏನವಾ, ಮುದುಕೀ ಮೈಯಾಗ ಒಂದೀಟರೆ ಬಿಡು," ಎಂದು ಅವಳನ್ನು ನಗಿಸಿದಳು. ಆಮೇಲೆ ಮೊಣಕೈ ಮಡಚಿ, ಹತ್ತಿಯ ಉಂಡೆಯನ್ನು ಅದರಲ್ಲಿ ಒತ್ತಿ ಹಿಡಿದು, ಡಾಕ್ಟರ ಎದುರು ಕುಳಿತಳು.

ಸಂಘಮಿತ್ರಾ ಅದೇ ಹಾಳೆಯನ್ನು ಮೇಜಿನ ಮೇಲೆ ಹರವಿದರು. "ಸಹಿ ಮಾಡೂಕ್ಕಿಂತ ಮೊದಲ ಒಂದ ಸರ್ತಿ ಎಲ್ಲಾ ನೋಡಿಬಿಡೂಣು. ಅಜ್ಜಿ, ನೀವು ಎಷ್ಟ ಮಕ್ಕಳ್ನ ಹಡದೀರಿ?"

"ಇಕಿ ಒಬ್ಬಾಕಿ." ಫಕೀರವ್ವ ಗದ್ದ ಎತ್ತಿ ಮಗಳನ್ನು ತೋರಿಸಿದಳು. "ಅಂವ ಒಬ್ಬಾಂವ."

ಡಾಕ್ಟರು ಒಂದು ಸರಿ ಗುರುತು ಹಾಕಿದರು. ಶಿವಲಿಂಗವ್ವ ಸುಕನ್ಯಾಳ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕಾಗಿಯೇ ಕಿಟಕಿಯ ಕಡೆ ತಿರುಗಿದ್ದಳು. ಪ್ರತಾಪ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, "ಎಲ್ಲಿ ಮಾಡೂದ್ರಿ ಮೇಡಂ?" ಎಂದ.

ಸುಕನ್ಯಾ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ಗೊತ್ತಿರಲಿಲ್ಲ. ಕುರ್ಚಿ ಗೋಡೆಗೆ ಬಡಿದ ಸದ್ದಿಗೆ ಎಲ್ಲರೂ ಅವಳ ಕಡೆ ತಿರುಗಿದರು.

"ಹೇಳ್ರಿ," ಎಂದರು ಡಾಕ್ಟರು.

"ಅಕಿ ಏನ ಹೇಳತಾಳ್ರಿ," ಎಂದಳು ಅವ್ವ ಬೇಗ ಬೇಗ. "ಅಕಿ ಮಾತ ಆಡಂಗಿಲ್ಲ. ಹೊರಗ ಗಾಳಿಗೆ ಹೋಗ್ತಾಳ. ಹೋಗವಾ, ಹೋಗು."

ಬಾಗಿಲು ಎರಡು ಹೆಜ್ಜೆಯಲ್ಲಿತ್ತು. ಬಸ್ಸಿನಲ್ಲಿ ತಿದ್ದಿದ್ದ ವಾಕ್ಯ, ಡೈರಿಯಲ್ಲಿ ಮೂರು ರೀತಿಯಲ್ಲಿ ಬರೆದು ನೋಡಿದ್ದ ವಾಕ್ಯ, ಯಾವುದೂ ನೆನಪಿಗೆ ಬರಲಿಲ್ಲ. ಅಕ್ಕ ಅವಳನ್ನೇ ನೋಡುತ್ತಿದ್ದಳು. ತುಟಿಯ ಮೇಲೆ ಇನ್ನೂ ನಗು ಇತ್ತು, ಕಣ್ಣಿನಲ್ಲಿ ಇರಲಿಲ್ಲ. ಸುಕನ್ಯಾ ಡಾಕ್ಟರ ಕಡೆ ತಿರುಗಲಿಲ್ಲ. ಫಕೀರವ್ವನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಅವಳ ಮುಖ ನೋಡುತ್ತಲೇ ಹೇಳಿದಳು.

"ನಮ್ಮ ಆಯಿ ಇಬ್ಬರು ಗಂಡಮಕ್ಕಳನ್ನ ಹಡದಾಳ್ರಿ. ಇಬ್ರೂ ನಡೀಲಿಲ್ಲ."

ಫಕೀರವ್ವನ ಮಡಚಿದ ತೋಳು ನಿಧಾನವಾಗಿ ಬಿಚ್ಚಿಕೊಂಡಿತು. ಹತ್ತಿಯ ಉಂಡೆ ಅವಳ ಮಡಿಲಿಗೆ ಬಿತ್ತು, ಅದರ ಒಂದು ಬದಿಯಲ್ಲಿ ಸಣ್ಣ ಕೆಂಪು ಚುಕ್ಕೆ.